ಹಳೆಯ ಮೋಟಾರ್ ಸೈಕಲ್ಲನ್ನು ಬದಲಾಯಿಸಬೇಕೆ?

ಯಂತ್ರವೊಂದು ಹಳೆಯದಾಯಿತೆಂದು ನಿರ್ಣಯಿಸುವವರು ಯಾರು? ಕಾನೂನಿಗೆ ತನ್ನದೊಂದು ಲೆಕ್ಕವಿದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸ್ವಂತ ಉಪಯೋಗದ ದ್ವಿಚಕ್ರ ವಾಹನದ ನೋಂದಣಿ 15 ವರ್ಷ ಊರ್ಜಿತದಲ್ಲಿರುತ್ತದೆ. ಆಮೇಲೆ ವಾಹನವನ್ನು ತಪಾಸಣೆಗೆ ಒಪ್ಪಿಸಿ ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನೆರೆಹೊರೆಯವರ ಲೆಕ್ಕ ಇನ್ನೊಂದು ಬಗೆಯದು: ಎದುರುಮನೆಗೆ ಹೊಸ ಗಾಡಿ ಬಂದ ದಿನ ನಮ್ಮ ಮನೆಯ ಗಾಡಿ ಹಳೆಯದಾಗುತ್ತದೆ. ಭೌತವಿಜ್ಞಾನಕ್ಕಾದರೋ ಪಂಚಾಂಗದ ಗೊಡವೆಯಿಲ್ಲ. ಎಷ್ಟು ಶಕ್ತಿಯನ್ನು ಉಣಿಸಿದರೆ ಎಷ್ಟು ಕೆಲಸ ದೊರೆಯುತ್ತದೆ, ಯಾವ ಭಾಗ ಎಷ್ಟು ಸವೆದಿದೆ, ಬೇಕೆಂದಾಗ ಯಂತ್ರ ನಿಲ್ಲುತ್ತದೆಯೆ, ಬೇಡವೆಂದಾಗ ನಿಲ್ಲದೆ ಓಡುತ್ತದೆಯೆ ಎಂಬಿಷ್ಟನ್ನೇ ಅದು ಕೇಳುತ್ತದೆ.

ಈ ಪ್ರಶ್ನೆ 2025ರಲ್ಲಿ ನಮ್ಮ ಮನೆಯ ಬಾಗಿಲಿಗೇ ಬಂದಿತು. ನಮ್ಮ ತಂದೆಯವರು 2010ರಲ್ಲಿ ಕೊಂಡ ಹೀರೋ ಹೋಂಡಾ ಸ್ಪ್ಲೆಂಡರ್ ಮೋಟಾರ್ ಸೈಕಲ್ಲಿಗೆ ಆ ವರ್ಷ 15 ತುಂಬಿತು. 97 ಸಿ.ಸಿ. ಯ ಈ ಸಣ್ಣ ಯಂತ್ರದ ಮೇಲೆ ನಾವು ತಿಪಟೂರಿನ ಸೀಮೆಯ ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಕಾಲೇಜಿಗೆ ಹೋಗಿಬರುವುದು ದಿನಕ್ಕೆ 48 ಕಿಲೋಮೀಟರು. ಉಳಿದ ಓಡಾಟವೂ ಸೇರಿ ವರ್ಷಕ್ಕೆ ಸುಮಾರು 12,000. ಗಾಡಿ ಇದುವರೆಗೆ 1,10,000 ಕಿಲೋಮೀಟರು ಓಡಿದೆ. “ಇನ್ನೂ ಅದೇ ಗಾಡಿಯೇ, ಸರ್?” ಎಂದು ವಿದ್ಯಾರ್ಥಿಗಳು ವಿನಯದಿಂದ ಕೇಳುವುದುಂಟು. ಅಂಥ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಇದೇ ಚರ್ಚೆ ನಡೆಯುತ್ತಿರುವುದನ್ನು ನಾವು ಬಲ್ಲೆವು. ತಂದೆಯ ಹಳೆಯ ಗಾಡಿಯನ್ನು ಕೊಟ್ಟು ಹೊಸದನ್ನು ತರಿಸಬೇಕೆಂಬ ಒತ್ತಾಯ ಅಲ್ಲಿ ಮಕ್ಕಳದೇ. ಆದಕಾರಣ ಈ ವಿಚಾರವನ್ನು ಅಂಕಿಗಳ ಮೂಲಕ ನೋಡುವುದು ಯೋಗ್ಯವೆಂದು ತೋರಿತು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನೆಟ್ಟಗೆ ಓಡುತ್ತಿರುವ ಪೆಟ್ರೋಲು ಗಾಡಿಯನ್ನು ಬಿಟ್ಟು ಅದೇ ಜಾತಿಯ ಹೊಸ ಪೆಟ್ರೋಲು ಗಾಡಿಯನ್ನು ಕೊಳ್ಳುವುದಕ್ಕೆ ತಕ್ಕ ಕಾರಣವಿಲ್ಲ. ಆದರೆ ಹಳೆಯದನ್ನು ಉಳಿಸಿಕೊಳ್ಳುವವರು ಬ್ರೇಕಿನ ಪ್ರಶ್ನೆಗೆ ಉತ್ತರ ಕೊಡದೆ ಉಳಿಸಿಕೊಳ್ಳಲಾಗದು.

ಹೊಸ ಗಾಡಿಯ ಪರವಾಗಿ ಮೊದಲು ಕೇಳಿಬರುವ ಮಾತು ಮೈಲೇಜಿನದು. ನಮ್ಮ ಗಾಡಿ ಲೀಟರಿಗೆ 55 ಕಿಲೋಮೀಟರು ಕೊಡುತ್ತಿದೆ. ಹೊಸದು 65 ಕೊಟ್ಟೀತು. ಹತ್ತು ಕಿಲೋಮೀಟರಿನ ಲಾಭವೆಂದರೆ ಕಿವಿಗೆ ಇಂಪಾದ ಮಾತೇ ಸರಿ. ಆದರೆ ಲೀಟರಿಗೆ ಎಷ್ಟು ಕಿಲೋಮೀಟರೆಂಬ ಈ ಅಳತೆಯೇ ನಮ್ಮನ್ನು ದಾರಿತಪ್ಪಿಸುವಂಥದು. ನಾವು ಕ್ರಮಿಸಬೇಕಾದ ದೂರ ಗೊತ್ತಾಗಿರುವಾಗ, ಅಳೆಯಬೇಕಾದುದು ಆ ದೂರಕ್ಕೆ ಎಷ್ಟು ಲೀಟರು ಬೇಕು ಎಂಬುದನ್ನು. ಲೆಕ್ಕವನ್ನು ತಿರುಗಿಸಿ ನೋಡೋಣ. 100 ಕಿಲೋಮೀಟರಿಗೆ ಹಳೆಯ ಗಾಡಿ 1.82 ಲೀಟರು ಕುಡಿಯುತ್ತದೆ, ಹೊಸದು 1.54 ಲೀಟರು. ಉಳಿತಾಯ 0.28 ಲೀಟರು, ಎಂದರೆ ಒಂದು ದೊಡ್ಡ ಲೋಟದಷ್ಟು.

ಇದಕ್ಕೆ ಹೋಲಿಸಲು ನಮ್ಮ ಮನೆಯದೇ ಇನ್ನೊಂದು ಉದಾಹರಣೆಯಿದೆ. ಸ್ಪ್ಲೆಂಡರಿಗೆ ಮುಂಚೆ ತಂದೆಯವರಲ್ಲಿ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಆ ಜಾವಾ ಮತ್ತು ಯೆಜ್ಡಿ ಗಾಡಿಗಳ ಗುಡುಗನ್ನು ಕೇಳಿ ಬೆಳೆದವರು ನಮ್ಮ ನಾಡಿನಲ್ಲಿ ಇಂದಿಗೂ ಅನೇಕರಿದ್ದಾರೆ. ಅವು ಟೂ ಸ್ಟ್ರೋಕ್ ಯಂತ್ರಗಳು. ಅಂಥ ಯಂತ್ರದಲ್ಲಿ ಉರಿದ ಹೊಗೆಯನ್ನು ಸಿಲಿಂಡರಿನಿಂದ ಹೊರಕ್ಕೆ ತಳ್ಳುವ ಕೆಲಸವನ್ನು ಒಳಗೆ ನುಗ್ಗುವ ಹೊಸ ಪೆಟ್ರೋಲು-ಗಾಳಿಯ ಮಿಶ್ರಣವೇ ಮಾಡಬೇಕು. ತಳ್ಳುವ ಭರದಲ್ಲಿ ಅದರದೊಂದು ಪಾಲು ಉರಿಯದೆಯೇ ಹೊಗೆಯ ಸಂಗಡ ಹೊರಟುಹೋಗುತ್ತದೆ. ಫೋರ್ ಸ್ಟ್ರೋಕ್ ಯಂತ್ರದಲ್ಲಿ ಹೊಗೆಯನ್ನು ಹೊರಹಾಕುವುದಕ್ಕೆ ಪಿಸ್ಟನ್ನಿನ ಒಂದು ಪ್ರತ್ಯೇಕ ಏರುಗತಿಯೇ ಉಂಟಾದ್ದರಿಂದ ಈ ನಷ್ಟ ಬಹುಮಟ್ಟಿಗೆ ಇಲ್ಲ. ತಂದೆಯವರ ಯೆಜ್ಡಿ ಲೀಟರಿಗೆ 30 ಕಿಲೋಮೀಟರು ಕೊಡುತ್ತಿತ್ತು. ಹೊಸದಾಗಿದ್ದ ಸ್ಪ್ಲೆಂಡರು 60 ಕೊಟ್ಟಿತು. 100 ಕಿಲೋಮೀಟರಿಗೆ 3.33 ಲೀಟರು ಬೇಕಾಗಿದ್ದ ಕಡೆ 1.67 ಸಾಕಾಯಿತು. ಉಳಿತಾಯ 1.66 ಲೀಟರು, ಇಂದು ನಮಗೆ ದೊರೆಯಬಹುದಾದ ಉಳಿತಾಯದ ಆರರಷ್ಟು. ತಂದೆಯವರ ಬದಲಾವಣೆಗೆ ಅರ್ಥವಿತ್ತು, ಏಕೆಂದರೆ ಅದು ಒಂದು ಜಾತಿಯ ಯಂತ್ರದಿಂದ ಇನ್ನೊಂದು ಜಾತಿಯ ಯಂತ್ರಕ್ಕೆ ಹೋದ ಬದಲಾವಣೆ. ನಮ್ಮ ಮುಂದಿರುವುದು ಅದೇ ಜಾತಿಯಲ್ಲಿ ಬಣ್ಣ ಹೊಸದಾದ ಗಾಡಿ.

ಹಣದ ಮಾತನ್ನು ಬೇಗ ಮುಗಿಸಬಹುದು. 12,000 ಕಿಲೋಮೀಟರಿಗೆ ಉಳಿಯುವುದು 34 ಲೀಟರು, ಎಂದರೆ ವರ್ಷಕ್ಕೆ ಸುಮಾರು 3,400 ರೂಪಾಯಿ. ರಿಪೇರಿಯಲ್ಲಿ ಉಳಿಯಬಹುದಾದ ಎರಡೂವರೆ ಸಾವಿರವನ್ನೂ ಸೇರಿಸೋಣ. ಹೊಸ ಗಾಡಿಗೆ 90,000 ತೆತ್ತು ಹಳೆಯದನ್ನು 15,000ಕ್ಕೆ ಮಾರಿದರೆ ಕೈಬಿಟ್ಟ ಹಣ 75,000. ಅದು ಹಿಂದಿರುಗಲು 12 ವರ್ಷಗಳ ಮೇಲಾಗುತ್ತದೆ, ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದೆ. ಅಷ್ಟರಲ್ಲಿ ಹೊಸದೂ ಹಳೆಯದಾಗಿರುತ್ತದೆ.

ಪೆಟ್ರೋಲನ್ನು ಉಳಿಸಬೇಕೆಂಬ ಹಂಬಲ ನಿಜವಾಗಿದ್ದರೆ ಅದಕ್ಕೆ ಖರ್ಚಿಲ್ಲದ ದಾರಿಯಿದೆ. ಸವಾರನೂ ಸೇರಿ ಗಾಡಿಯ ತೂಕ ಸುಮಾರು 185 ಕಿಲೋಗ್ರಾಂ. ಟೈರುಗಳ ಉರುಳು ಘರ್ಷಣೆ 30 ನ್ಯೂಟನ್ನಿನ ಆಸುಪಾಸಿನಲ್ಲಿದೆ. ವೇಗ ಹೆಚ್ಚಿದರೂ ಅದು ಹೆಚ್ಚು ಬದಲಾಗದು. ಗಾಳಿಯ ತಡೆಯಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಅದು ಸುಮಾರು 65 ನ್ಯೂಟನ್, 65 ಕಿಲೋಮೀಟರಿನಲ್ಲಿ ಸುಮಾರು 108. ಒಟ್ಟು ತಡೆ 95ರಿಂದ 138ಕ್ಕೆ ಏರಿತು. ಅದೇ ದಾರಿಯನ್ನು ಕ್ರಮಿಸಲು ಶೇಕಡಾ 45ರಷ್ಟು ಹೆಚ್ಚಿನ ಕೆಲಸ. ಈ 48 ಕಿಲೋಮೀಟರಿನಲ್ಲಿ ಅದು ಉಳಿಸಿಕೊಡುವ ಸಮಯ ಹೆಚ್ಚೆಂದರೆ 13 ನಿಮಿಷ, ಅದೂ ದಾರಿಯಲ್ಲಿ ಎಮ್ಮೆಗಳು ಅಡ್ಡ ಬರದಿದ್ದರೆ. ಹೊಸ ಗಾಡಿ ಕೊಡುವ ಲಾಭವನ್ನು ಬಲಗೈಯ ಮಣಿಕಟ್ಟೇ ಕೊಡಬಲ್ಲದು.

ಇಲ್ಲಿ ಪೆಟ್ರೋಲಿನ ಬಗೆಗೂ ಒಂದು ಮಾತು. ಇಂದು ನಮ್ಮ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಐದನೆಯ ಒಂದು ಪಾಲಿನವರೆಗೆ ಎಥನಾಲ್ ಬೆರೆತಿರುತ್ತದೆ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲಿನಲ್ಲಿರುವುದು ಸುಮಾರು 21. ಬೆರಕೆಯಲ್ಲಿ 30ರ ಸಮೀಪ. ಹಳೆಯ ಗಾಡಿಯ ಮೈಲೇಜು ಈಚೆಗೆ ಇಳಿಯಿತೆಂದು ದೂರುವವರು ಯಂತ್ರವನ್ನು ಬೈಯುವ ಮೊದಲು ಇದನ್ನು ನೆನೆಯಬೇಕು. ಎಥನಾಲ್ ನೀರನ್ನು ಹೀರಿಕೊಳ್ಳುವ ದ್ರವವಾದ್ದರಿಂದ ಟ್ಯಾಂಕಿಗೆ ತುಕ್ಕು ಹಿಡಿಯುವ ಭಯವಿದೆ; ಹಳೆಯ ರಬ್ಬರು ಕೊಳವೆಗಳೂ ವಾಷರುಗಳೂ ಅದಕ್ಕೆ ಒಗ್ಗದೆ ಮೆತ್ತಗಾಗುವುದುಂಟು. ನಾವು ಆ ಕೊಳವೆಗಳನ್ನು ಬದಲಾಯಿಸಿದೆವು. ವೆಚ್ಚ ಒಂದು ಊಟದಷ್ಟು.

ಇನ್ನು ವಿಶ್ವಾಸಾರ್ಹತೆಯ ಪ್ರಶ್ನೆ. ಹಳೆಯದು ಯಾವಾಗ ಕೈಕೊಡುತ್ತದೋ ಹೇಳಲಾಗದು ಎನ್ನುತ್ತಾರೆ. ಯಂತ್ರಗಳ ಕೆಡುಕನ್ನು ಅಭ್ಯಾಸ ಮಾಡಿದ ಇಂಜಿನಿಯರುಗಳು ಸ್ನಾನದ ತೊಟ್ಟಿಯ ಆಕಾರದ ಒಂದು ವಕ್ರರೇಖೆಯನ್ನು ಎಳೆಯುತ್ತಾರೆ. ಹೊಸದರಲ್ಲಿ ತಯಾರಿಕೆಯ ದೋಷಗಳಿಂದ ಕೆಡುಕು ಹೆಚ್ಚು. ಆಮೇಲೆ ಬಹುಕಾಲ ಅದು ಕಡಮೆಯಾಗಿ ಸಮನಾಗಿರುತ್ತದೆ. ಕೊನೆಗೆ ಸವೆತದಿಂದ ಮತ್ತೆ ಏರುತ್ತದೆ. ಹೊಸ ಗಾಡಿ ಕೊಂಡವರು ತೊಟ್ಟಿಯ ಎಡಗಡೆಯ ಅಂಚನ್ನು ಇಳಿದು ಬರಬೇಕೆಂಬುದನ್ನು ಮರೆಯುತ್ತಾರೆ. ಮೋಟಾರ್ ಸೈಕಲ್ಲು ಒಂದೇ ವಯಸ್ಸಿನ ವಸ್ತುವೂ ಅಲ್ಲ. ನಮ್ಮ ಊರ ತೇರಿಗೆ ಚಕ್ರಗಳು ಹೊಸವು, ಅಚ್ಚು ಹೊಸದು, ಹಗ್ಗವಂತೂ ಆಗಾಗ ಬದಲಾಗುತ್ತಲೇ ಇದೆ. ಆದರೂ ಅದು ಅಜ್ಜಂದಿರ ಕಾಲದ ತೇರೇ. ಅದರಂತೆಯೇ ನಮ್ಮ ಗಾಡಿಯ ಚೈನು, ಹಲ್ಲುಗಾಲಿ, ಕ್ಲಚ್ಚಿನ ತಟ್ಟೆಗಳು, ಟೈರುಗಳು ಯಾವುವೂ 2010ರವಲ್ಲ. ಸಿಲಿಂಡರು, ಗೇರುಪೆಟ್ಟಿಗೆ, ಚೌಕಟ್ಟು ಮಾತ್ರ ಮೊದಲಿನವು. ಆದ್ದರಿಂದ ಗಾಡಿಯ ವಯಸ್ಸೆಷ್ಟೆಂಬ ಪ್ರಶ್ನೆಯನ್ನು ಈ ಮೂರಕ್ಕೆ ಮಾತ್ರ ಕೇಳಬೇಕು.

ನಾವು ಒಂದು ನೋಟುಪುಸ್ತಕದಲ್ಲಿ ಪೆಟ್ರೋಲು, ಎಣ್ಣೆ, ರಿಪೇರಿಗಳ ಲೆಕ್ಕವನ್ನು ಬರೆದಿಡುತ್ತೇವೆ. ಮೂರು ವರ್ಷಗಳಲ್ಲಿ ನಡುದಾರಿಯಲ್ಲಿ ನಿಂತದ್ದು ಎರಡು ಸಲ: ಒಮ್ಮೆ ಪಂಕ್ಚರು, ಒಮ್ಮೆ ಸ್ಪಾರ್ಕ್ ಪ್ಲಗ್ಗು. ಎರಡನ್ನೂ ಸರಿಪಡಿಸಿದವರು ರಸ್ತೆಬದಿಯ ಮೆಕ್ಯಾನಿಕ್ಕರು. ಹಳೆಯ ಕಾರ್ಬ್ಯುರೇಟರಿಗೆ ಇರುವ ಒಂದು ಗುಣವಿದು: ಅದನ್ನು ಬಿಚ್ಚಿ ಊದಿ ಜೋಡಿಸಬಲ್ಲವರು ಪ್ರತಿ ಹೋಬಳಿಯಲ್ಲಿಯೂ ಇದ್ದಾರೆ. 2020ರ ಏಪ್ರಿಲಿನಿಂದ ಕಡ್ಡಾಯವಾದ ಭಾರತ್ ಸ್ಟೇಜ್ 6 ನಿಯಮಗಳ ಸಲುವಾಗಿ ಬಂದಿರುವ ಪೆಟ್ರೋಲು ಇಂಜೆಕ್ಷನ್ ವ್ಯವಸ್ಥೆ ಕಾರ್ಬ್ಯುರೇಟರಿಗಿಂತ ನಿಖರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಕೆಟ್ಟರೆ ಏನು ಕೆಟ್ಟಿದೆಯೆಂದು ತಿಳಿಯಲು ಇನ್ನೊಂದು ಯಂತ್ರ ಬೇಕು.

ಆ ನಿಯಮಗಳ ಮಾತು ಬಂದುದರಿಂದ ಹೊಗೆಯ ವಿಷಯವನ್ನು ಪ್ರಾಮಾಣಿಕವಾಗಿ ಹೇಳಬೇಕು. ಹೊಸ ಗಾಡಿಯ ಪರವಾದ ವಾದಗಳಲ್ಲಿ ಇದಕ್ಕೆ ನಿಜವಾದ ತೂಕವಿದೆ. 2010ರ ಭಾರತ್ ಸ್ಟೇಜ್ 3ರ ಪ್ರಕಾರ ಉರಿಯದ ಹೈಡ್ರೋಕಾರ್ಬನ್ನುಗಳೂ ನೈಟ್ರೊಜನ್ನಿನ ಆಕ್ಸೈಡುಗಳೂ ಒಟ್ಟಿಗೆ ಕಿಲೋಮೀಟರಿಗೆ 1 ಗ್ರಾಂ ಮೀರಬಾರದಾಗಿತ್ತು. ಸ್ಟೇಜ್ 6ರಲ್ಲಿ ಇವೆರಡರ ಮಿತಿಗಳು 0.1 ಮತ್ತು 0.06 ಗ್ರಾಂ; ಕೂಡಿದರೂ ಮೊದಲಿನ ಆರನೆಯ ಒಂದು ಪಾಲಿಗಿಂತ ಕಡಮೆ. ಪರೀಕ್ಷಾಕ್ರಮಗಳು ಬೇರೆಯಾದರೂ ವ್ಯತ್ಯಾಸ ದೊಡ್ಡದೇ. ಆದರೆ ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಯಾರೂ ಎತ್ತುವುದಿಲ್ಲ. ನಾವು ಹಳೆಯ ಗಾಡಿಯನ್ನು ಮಾರಿದರೆ ಅದು ಭೂಮಿಯಿಂದ ಮಾಯವಾಗುವುದಿಲ್ಲ. ಮುಂದಿನ ಊರಿನಲ್ಲಿ, ಎಣ್ಣೆ ಬದಲಾಯಿಸದವರ ಕೈಯಲ್ಲಿ, ಇನ್ನೂ ಹೆಚ್ಚು ಹೊಗೆಯುಗುಳುತ್ತ ಓಡುತ್ತದೆ. ಗಾಳಿಯ ಶುದ್ಧಿಗಾಗಿ ಬದಲಾಯಿಸುವವರು ಹಳೆಯದನ್ನು ಗುಜರಿಗೆ ಹಾಕಿ ಆ 15,000ವನ್ನು ಬಿಡಲು ಸಿದ್ಧರಿರಬೇಕು. ಸಿದ್ಧರಿಲ್ಲದವರು ಶುದ್ಧಗಾಳಿಯ ಹೆಸರನ್ನು ಎತ್ತದಿರುವುದು ಲೇಸು.

ವಿದ್ಯುತ್ ಸ್ಕೂಟರಿನ ಮಾತು ಬೇರೆಯೇ. ಇಲ್ಲಿ ನಮ್ಮ ಮುಂದಿರುವುದು ಮತ್ತೊಮ್ಮೆ ಜಾತಿಯ ಬದಲಾವಣೆ, ಯೆಜ್ಡಿಯಿಂದ ಸ್ಪ್ಲೆಂಡರಿಗೆ ಹೋದಂತೆ. ಬಹುಶಃ ಅದಕ್ಕಿಂತ ದೊಡ್ಡದು. ನಮ್ಮ ಗಾಡಿ ಕಿಲೋಮೀಟರಿಗೆ ಸುಮಾರು 0.55 ಮೆಗಾಜೂಲ್ ಶಕ್ತಿಯ ಪೆಟ್ರೋಲನ್ನು ಉರಿಸುತ್ತದೆ. ಅದರಲ್ಲಿ ಗಾಳಿಯನ್ನೂ ನೆಲವನ್ನೂ ಗೆಲ್ಲುವುದಕ್ಕೆ ಸಲ್ಲುವುದು ಆರನೆಯ ಒಂದು ಪಾಲು. ಉಳಿದುದು ಸಿಲಿಂಡರಿನ ರೆಕ್ಕೆಗಳನ್ನೂ ಸೈಲೆನ್ಸರನ್ನೂ ಕಾಯಿಸುತ್ತದೆ. ವಿದ್ಯುತ್ ಸ್ಕೂಟರಿಗೆ, ಚಾರ್ಜು ಮಾಡುವಾಗಿನ ನಷ್ಟವನ್ನೂ ಕೂಡಿಸಿದರೆ, ಕಿಲೋಮೀಟರಿಗೆ 0.035 ಕಿಲೋವ್ಯಾಟ್-ಗಂಟೆ, ಎಂದರೆ 0.13 ಮೆಗಾಜೂಲ್ ಸಾಕು. ಆ ವಿದ್ಯುತ್ತು ಬಹುಪಾಲು ಕಲ್ಲಿದ್ದಲಿನಿಂದ ಬಂದದ್ದು, ಅಲ್ಲಿಯೂ ನಷ್ಟವಿದೆ ಎಂಬುದು ನಿಜ. ದೇಶದ ವಿದ್ಯುತ್ ಜಾಲದಲ್ಲಿ ಕಿಲೋವ್ಯಾಟ್-ಗಂಟೆಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಸ್ಕೂಟರಿನ ಪಾಲಿಗೆ ಕಿಲೋಮೀಟರಿಗೆ 25 ಗ್ರಾಂ. ನಮ್ಮ ಗಾಡಿಯದು 40. ಬ್ಯಾಟರಿಯ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲವನ್ನು ಈ ಅಂತರ ಎರಡು ಮೂರು ವರ್ಷಗಳಲ್ಲಿ ತೀರಿಸುತ್ತದೆ.

ಹಣದ ಲೆಕ್ಕವೂ ಮೊದಲ ನೋಟಕ್ಕೆ ಆಕರ್ಷಕವಾಗಿದೆ. ಪೆಟ್ರೋಲಿಗೆ ಕಿಲೋಮೀಟರಿಗೆ 1.85 ರೂಪಾಯಿ, ವಿದ್ಯುತ್ತಿಗೆ ಕಾಲು ರೂಪಾಯಿ. ವರ್ಷಕ್ಕೆ 19,000 ಉಳಿಯಬೇಕು. ಆದರೆ ಹೆಚ್ಚುವರಿ ಒಂದು ಲಕ್ಷವನ್ನು ಶೇಕಡಾ 10ರ ಬಡ್ಡಿಗೆ ಸಾಲ ತಂದರೆ 10,000 ಅಲ್ಲಿಗೆ ಹೋಯಿತು. ಬ್ಯಾಟರಿಯ ಬೆಲೆ 60,000ವೆಂದೂ ಬಾಳಿಕೆ 8 ವರ್ಷವೆಂದೂ ಹಿಡಿದರೆ ವರ್ಷದ ಸವೆತ 7,500. ಉಳಿದದ್ದು ಒಂದೂವರೆ ಸಾವಿರ. ಹಳೆಯ ಗಾಡಿಯ ರಿಪೇರಿಯನ್ನು ಎದುರಿಗಿಟ್ಟರೆ ತಕ್ಕಡಿ ವಿದ್ಯುತ್ತಿನ ಕಡೆಗೆ ಸ್ವಲ್ಪ ವಾಲೀತು, ಆತುರಪಡುವಷ್ಟಲ್ಲ. ಲಿಥಿಯಂ ಬ್ಯಾಟರಿಯ ಬೆಲೆ 2010ರಿಂದ 2024ರೊಳಗೆ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿದಿದೆಯೆಂಬುದನ್ನು ನೆನೆದರೆ ಕಾಯುವವರಿಗೆ ನಷ್ಟವಿಲ್ಲ. ಕೈಯಲ್ಲಿ ಹಣವಿದ್ದು, ಸಮೀಪದಲ್ಲಿ ಸರ್ವಿಸ್ ಕೇಂದ್ರವಿದ್ದು, ನಮ್ಮದಕ್ಕಿಂತ ಹೆಚ್ಚು ಓಡಾಟವಿರುವವರು ಇಂದೇ ಹೋಗಲಿ; ಅವರ ವಿಷಯದಲ್ಲಿ ನಮ್ಮದು ತಕರಾರಿಲ್ಲ.

ಇಲ್ಲಿಯವರೆಗೆ ಹಳೆಯ ಗಾಡಿ ಗೆದ್ದಂತೆಯೇ ಕಾಣುತ್ತದೆ. ಆದರೆ ಇದುವರೆಗಿನ ಲೆಕ್ಕಗಳೆಲ್ಲ ರೂಪಾಯಿಯಲ್ಲಿ, ಲೀಟರಿನಲ್ಲಿ ಆದವು. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇಕಡಾ 44ಕ್ಕಿಂತ ಹೆಚ್ಚಿನವರು ದ್ವಿಚಕ್ರ ವಾಹನಗಳ ಮೇಲಿದ್ದವರು. ಮೈಲೇಜಿನ ಬಗೆಗೆ ಗಂಟೆಗಟ್ಟಲೆ ವಾದಿಸುವ ನಾವು ಬ್ರೇಕಿನ ಬಗೆಗೆ ಐದು ನಿಮಿಷ ಮಾತಾಡುವುದಿಲ್ಲವೆಂಬುದು ವಿಚಿತ್ರ.

ಗಾಡಿಯನ್ನು ನಿಲ್ಲಿಸುವ ಬಲ ಟೈರು ನೆಲವನ್ನು ಮುಟ್ಟುವೆಡೆಯಲ್ಲಿ ಉಂಟಾಗುತ್ತದೆ. ಗಾಡಿ ಮತ್ತು ಸವಾರನ ಗುರುತ್ವಕೇಂದ್ರವಾದರೋ ನೆಲದಿಂದ ಎರಡಡಿ ಮೇಲಿದೆ. ಹೀಗಾಗಿ ಬ್ರೇಕು ಹಿಡಿದಾಗ ಗಾಡಿ ಮುಂದಕ್ಕೆ ಮುಗ್ಗರಿಸಲು ನೋಡುತ್ತದೆ, ಭಾರ ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಸರಿಯುತ್ತದೆ. ವೇಗ ಸೆಕೆಂಡಿಗೆ 5 ಮೀಟರಿನಂತೆ ಇಳಿಯುವಾಗ ನಮ್ಮ ಗಾಡಿಯಲ್ಲಿ ಹೀಗೆ ಸರಿಯುವ ಭಾರ ಸುಮಾರು 45 ಕಿಲೋಗ್ರಾಂ. ಘರ್ಷಣೆಯ ಮಿತಿ ಚಕ್ರದ ಮೇಲಿನ ಭಾರಕ್ಕೆ ಅನುಗುಣವಾದುದರಿಂದ, ನಿಲ್ಲಿಸುವ ಸಾಮರ್ಥ್ಯ ಬಹುಪಾಲು ಮುಂದಿನ ಚಕ್ರದಲ್ಲಿದೆ. ಹಗುರಾದ ಹಿಂದಿನ ಚಕ್ರ ಬೇಗ ಕಚ್ಚಿಕೊಂಡು ಜಾರುತ್ತದೆ. ನಮ್ಮ ಸೀಮೆಯಲ್ಲಿ “ಮುಂದಿನ ಬ್ರೇಕು ಹಿಡಿದರೆ ಪಲ್ಟಿ” ಎಂದು ಚಿಕ್ಕಂದಿನಿಂದ ಹೇಳಿಕೊಟ್ಟು, ಎಷ್ಟೋ ಜನ ಬಲಗಾಲಿನ ಬ್ರೇಕೊಂದನ್ನೇ ನಂಬಿ ಆಯುಷ್ಯ ಕಳೆಯುತ್ತಾರೆ. 2019ರ ಏಪ್ರಿಲಿನಿಂದ 125 ಸಿ.ಸಿ. ಮೀರಿದ ಹೊಸ ಗಾಡಿಗಳಿಗೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್., ಉಳಿದವಕ್ಕೆ ಕನಿಷ್ಠಪಕ್ಷ ಒಂದನ್ನು ಒತ್ತಿದರೆ ಎರಡೂ ಚಕ್ರ ಹಿಡಿಯುವ ಜೋಡಿ ಬ್ರೇಕು ಕಡ್ಡಾಯವಾದದ್ದು ಈ ಅಭ್ಯಾಸಕ್ಕೆ ಮದ್ದಾಗಿಯೇ. ಹೊಸ ಗಾಡಿಯ ಪರವಾಗಿ ನಾವು ತಲೆಬಾಗುವ ವಾದ ಇದೊಂದೇ.

ನಮ್ಮ ಗಾಡಿಯ ಎರಡು ಡ್ರಮ್ಮು ಬ್ರೇಕುಗಳಿಗೂ ಹೊಸ ಷೂ ಹಾಕಿಸಿ, ಮುಂದಿನ ಕೇಬಲ್ಲನ್ನು ಬದಲಾಯಿಸಿ, ರಜಾದಿನ ಖಾಲಿ ಮೈದಾನದಲ್ಲಿ ಅಳತೆಪಟ್ಟಿ ಹಿಡಿದು ನೋಡಿದೆವು. ಗಂಟೆಗೆ 30 ಕಿಲೋಮೀಟರು ವೇಗದಿಂದ ಹಿಂದಿನ ಬ್ರೇಕಿನಿಂದಲೇ ನಿಲ್ಲಲು ಬೇಕಾದದ್ದು 12 ಮೀಟರು. ಎರಡನ್ನೂ ಹಿಡಿದಾಗ 7.5. ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 50 ಕಿಲೋಮೀಟರಿನಲ್ಲಿ ಇವು 33 ಮತ್ತು 21 ಮೀಟರು. ಮೆದುಳು ಎಚ್ಚೆತ್ತು ಕೈಗೆ ಆಜ್ಞೆ ಕೊಡುವ ಒಂದು ಸೆಕೆಂಡಿನಲ್ಲಿ ದಾಟುವ 14 ಮೀಟರನ್ನು ಇದಕ್ಕೆ ಕೂಡಿಸಬೇಕು. ಎರಡರ ನಡುವಣ ವ್ಯತ್ಯಾಸವಾದ 12 ಮೀಟರೆಂದರೆ ಹಿಂದಿನ ದೀಪವಿಲ್ಲದೆ ನಿಂತ ಕೊಬ್ಬರಿ ಲಾರಿಯ ಉದ್ದಕ್ಕಿಂತ ಹೆಚ್ಚು. ವಿದ್ಯಾರ್ಥಿಗಳು ಈ ಪ್ರಯೋಗವನ್ನು ರಸ್ತೆಯಲ್ಲಿ ಮಾಡಕೂಡದು. ಮೈದಾನದಲ್ಲಿಯೂ ಹೆಲ್ಮೆಟ್ಟಿಲ್ಲದೆ, ಹಿರಿಯರಿಲ್ಲದೆ ಕೂಡದು. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನಾದರೂ ಎಲ್ಲರೂ ಇಂದೇ ನೋಡಬಹುದು. 2219 ಎಂದಿದ್ದರೆ ಆ ಟೈರು 2019ರ 22ನೆಯ ವಾರದಲ್ಲಿ ತಯಾರಾದದ್ದು. ರಬ್ಬರು ಸವೆಯದೆಯೂ ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯದು.

ದೀಪದ ವಿಷಯದಲ್ಲಿ ನಮಗೆ ಪರಿಹಾರ ದೊರೆತಿಲ್ಲ. ಇಂಥ ಹಳೆಯ ಗಾಡಿಗಳಲ್ಲಿ ಮುಂದಿನ ದೀಪಕ್ಕೆ ವಿದ್ಯುತ್ತು ಯಂತ್ರದ ಸುತ್ತಿನಿಂದಲೇ ನೇರವಾಗಿ ಬರುತ್ತದೆ. ವೇಗ ತಗ್ಗಿಸಿದರೆ ಬೆಳಕೂ ತಗ್ಗುತ್ತದೆ. ದಾರಿ ಸರಿಯಾಗಿ ಕಾಣದೆ ನಿಧಾನಿಸಿದಾಗಲೇ ಅದು ಇನ್ನಷ್ಟು ಮಂಕಾಗುತ್ತದೆ.

ಇದಿಷ್ಟನ್ನೂ ತೂಗಿ ನಾವು 2025ರಲ್ಲಿ ಗಾಡಿಯ ನೋಂದಣಿಯನ್ನು 2030ರವರೆಗೆ ನವೀಕರಿಸಿಕೊಂಡೆವು. ಕತ್ತಲಾದ ಮೇಲೆ 40 ಕಿಲೋಮೀಟರು ಮೀರುವುದಿಲ್ಲ. ಮನೆಯವರನ್ನೂ ಮಗುವನ್ನೂ ಕರೆದುಕೊಂಡು ಹೆದ್ದಾರಿಯಲ್ಲಿ ರಾತ್ರಿ ಬರುವ ಪ್ರಸಂಗವಿದ್ದರೆ ಗಾಡಿ ಮನೆಯಲ್ಲಿಯೇ ಉಳಿಯುತ್ತದೆ, ನಾವು ರೈಲನ್ನೋ ಬಸ್ಸನ್ನೋ ಹಿಡಿಯುತ್ತೇವೆ. ಅದು ಆಗದ ಕೆಲಸವಾದ ದಿನ, ಉಳಿದ ಲೆಕ್ಕಗಳು ಏನೇ ಹೇಳಲಿ, ಗಾಡಿಯನ್ನು ಬದಲಾಯಿಸುತ್ತೇವೆ. ಎಣ್ಣೆಯ ಕಡ್ಡಿಯನ್ನು ತಿಂಗಳಿಗೊಮ್ಮೆ ನೋಡಿ ಗುರುತು ಹಾಕುತ್ತಿದ್ದೇವೆ. ಎರಡು ಬದಲಾವಣೆಗಳ ನಡುವೆ ಎಣ್ಣೆ ಕಾಲು ಲೀಟರು ಇಳಿದು ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿದರೆ ಸಿಲಿಂಡರು ಸವೆದಿದೆಯೆಂದು ಅರ್ಥ; ಚೌಕಟ್ಟಿನ ಬೆಸುಗೆಯ ಬಳಿ ತುಕ್ಕು ಕಂಡರೂ ಅಷ್ಟೇ. ಆಗ ಅದನ್ನು ಯಾರಿಗೂ ಮಾರದೆ ಗುಜರಿಗೆ ಕೊಟ್ಟು, ವಿದ್ಯುತ್ ಸ್ಕೂಟರನ್ನು ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಈ ತಿಂಗಳ ಗುರುತಿಗೂ ಹೋದ ತಿಂಗಳ ಗುರುತಿಗೂ ನಡುವೆ ಕೂದಲೆಳೆಯ ಅಂತರವಿದೆ.